ಗಿಡ ಮರವಾಗುವ ಬಗೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿಯೇ ಇರುತ್ತೀರಿ. ಪುಣೆಯಲ್ಲಿ ಹುಟ್ಟಿ, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ, ಕೆಲಸದಲ್ಲಿ ಇಂಗ್ಲಿಷು ಎಂದು ಬೆಳೆದ ಮಕ್ಕಳಿಗೂ ಈ ಒಂದು ಗಾದೆ ಮಾತ್ರ ಬಾಯಿಪಾಠವಾಗಿರುತ್ತದೆ. ಏಕೆಂದರೆ ಅದು ಬೈಗುಳದ ಜೊತೆಗೆ ಪುಕ್ಕಟೆಯಾಗಿ ಬರುವಂಥದು! ಗಾದೆಯ ನೀತಿ ಹಾಗಿರಲಿ. ಅದರೊಳಗಿನ ಸಂಗತಿಯನ್ನು ನೋಡೋಣ. ಗಿಡ ಬಗ್ಗುತ್ತದೆ, ಮರ ಬಗ್ಗುವುದಿಲ್ಲ. ಏಕೆ? ಇವೆರಡರ ನಡುವೆ ಗಿಡದ ಒಳಗೆ ನಡೆಯುವುದಾದರೂ ಏನು?

ಉತ್ತರದ ಹೆಸರು ಲಿಗ್ನಿನ್. ಲ್ಯಾಟಿನ್ ಭಾಷೆಯಲ್ಲಿ 'ಲಿಗ್ನಮ್' ಎಂದರೆ ಕಟ್ಟಿಗೆ. ನಾನು ಬಿ.ಎ.ಗೆ ಓದಿದ್ದು ಇಂಗ್ಲಿಷ್ ಸಾಹಿತ್ಯ. ರಸಾಯನಶಾಸ್ತ್ರದ ಜೊತೆ ನನ್ನ ಸಂಬಂಧವೆಲ್ಲ ಒಲೆಯ ಮುಂದೆಯೇ. ಆದರೆ ಅಡುಗೆಮನೆಯಲ್ಲಿ ಕೈಯಾಡಿಸಿದವರಿಗೆ ಈ ವಸ್ತುವಿನ ಪರಿಚಯ ಹೆಸರು ಗೊತ್ತಿಲ್ಲದೆಯೇ ಇರುತ್ತದೆ. ಮಂಡಯಿಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೇವೆ. ಮಾರುವವಳು "ಮೋಡೂ ನಕಾ ಕಾಕೂ" ಎಂದು ಗದರಿದರೂ ಬಿಡುವುದಿಲ್ಲ. ಪಟ್ಟನೆ ಮುರಿದರೆ ಎಳೆಯದು, ಬಾಗಿ ನಾರು ಎಳೆದರೆ ಬಲಿತದ್ದು. ನುಗ್ಗೆಕಾಯಿಯ ಒಳಗಿನ ತಿರುಳನ್ನು ಸೀಪಿ ಹೊರಗಿನ ಸಿಪ್ಪೆಯನ್ನು ಎಲೆಯ ಅಂಚಿನಲ್ಲಿ ಇಡುತ್ತೇವಲ್ಲ, ಆ ಸಿಪ್ಪೆಯ ನಾರು ಲಿಗ್ನಿನ್ ತುಂಬಿದ್ದು. ಪೇರಲ ಹಣ್ಣು ತಿನ್ನುವಾಗ ಬೀಜವಲ್ಲದಿದ್ದರೂ ಹಲ್ಲಿಗೆ ಮರಳಿನಂತೆ ಸಿಗುವ ಕಣಗಳು ಲಿಗ್ನಿನ್ ತುಂಬಿ ಕಲ್ಲಾದ ಜೀವಕೋಶಗಳು. ತೆಂಗಿನ ಕರಟ, ಕಾಯಿಯ ಸುತ್ತಿನ ನಾರು ಕೂಡ ಇದರದೇ ಪ್ರತಾಪ. ತೆಂಗಿನ ನಾರಿನಲ್ಲಿ ನೂರಕ್ಕೆ ನಲವತ್ತರಷ್ಟು ಲಿಗ್ನಿನ್ನೇ ಇರುವುದರಿಂದ ಅದರ ಹಗ್ಗ ಸಮುದ್ರದ ನೀರಿನಲ್ಲಿ ನೆನೆದರೂ ಬೇಗ ಕೊಳೆಯುವುದಿಲ್ಲ. ಬಾಳೆದಿಂಡಿನಲ್ಲಿ ಅದು ತೀರ ಕಡಿಮೆ. ಅದಕ್ಕೇ ಹೆಚ್ಚಿ ಪಲ್ಯ ಮಾಡುತ್ತೇವೆ, ಅದಕ್ಕೇ ಒಂದು ಗಾಳಿಗೆ ಬಾಳೆಯ ತೋಟ ಮಲಗಿಬಿಡುತ್ತದೆ. ಪಕ್ಕದ ತೆಂಗು ತೂಗಾಡಿ ಮತ್ತೆ ನೆಟ್ಟಗೆ ನಿಲ್ಲುತ್ತದೆ.

ಪ್ರಾಣಿಗಳ ಜೀವಕೋಶಕ್ಕೆ ಇಲ್ಲದ ಒಂದು ಗೋಡೆ ಸಸ್ಯದ ಜೀವಕೋಶಕ್ಕೆ ಇದೆ. ಅದನ್ನು ಕೋಶಭಿತ್ತಿ ಎನ್ನುತ್ತಾರೆ. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಎಂಬ ವಿಜ್ಞಾನಿ ಕಟ್ಟಿಗೆಯನ್ನು ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಬೇಯಿಸಿ ನೋಡಿದ. ಉಳಿದ ಬಿಳಿಯ ಎಳೆಗಳಿಗೆ ಸೆಲ್ಯುಲೋಸ್ ಎಂಬ ಹೆಸರು ಬಂತು. ಅವುಗಳನ್ನು ಮೆತ್ತಿಕೊಂಡಿದ್ದು ಕರಗಿಹೋದ ವಸ್ತುವೇ ನಮ್ಮ ಕಥಾನಾಯಕ. ಹಳೆಯ ಹಳ್ಳಿಮನೆಗಳಲ್ಲಿ ಬಿದಿರಿನ ತಟ್ಟಿ ಕಟ್ಟಿ ಅದಕ್ಕೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ಸೆಲ್ಯುಲೋಸ್ ತಟ್ಟಿ ಇದ್ದಂತೆ, ಲಿಗ್ನಿನ್ ಮೆತ್ತಿದ ಮಣ್ಣಿದ್ದಂತೆ. ತಟ್ಟಿ ಎಳೆತವನ್ನು ತಡೆಯುತ್ತದೆ, ಮಣ್ಣು ಒತ್ತಡವನ್ನು ಹೊರುತ್ತದೆ. ಒಂದೇ ವ್ಯತ್ಯಾಸವೆಂದರೆ ಈ ಮಣ್ಣು ನೀರಿಗೆ ಕರಗುವುದಿಲ್ಲ, ನೀರನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಇದನ್ನು ಗಿಡ ತಯಾರಿಸುವ ಕ್ರಮ ಬಹಳ ಸೊಗಸಾಗಿದೆ. ಕಚ್ಚಾ ಮಾಲು ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲ. ಡಯಟ್ ಕೋಲಾದ ಡಬ್ಬಿಯ ಮೇಲೆ ಸಣ್ಣ ಅಕ್ಷರಗಳಲ್ಲಿ 'ಫೀನೈಲ್' ಎಂದು ಶುರುವಾಗುವ ಎಚ್ಚರಿಕೆಯೊಂದು ಇರುತ್ತದೆ, ನೋಡಿದ್ದೀರಾ? ಆ ಎಚ್ಚರಿಕೆ ಈ ವಸ್ತುವಿನ ಸಲುವಾಗಿಯೇ. ನಮ್ಮ ದೇಹಕ್ಕೆ ಇದು ಬೇಕೇ ಬೇಕು, ಆದರೆ ತಯಾರಿಸಲು ಬಾರದು. ಬೇಳೆಯಿಂದಲೋ ಹಾಲಿನಿಂದಲೋ ಪಡೆಯಬೇಕು. ಗಿಡ ಮಾತ್ರ ಗಾಳಿಯ ಇಂಗಾಲ ಮತ್ತು ಮಣ್ಣಿನ ಸಾರಜನಕದಿಂದ ತಾನೇ ಮಾಡಿಕೊಳ್ಳುತ್ತದೆ. ಆರು ಇಂಗಾಲದ ಒಂದು ಉಂಗುರ, ಅದಕ್ಕೆ ಮೂರು ಇಂಗಾಲದ ಒಂದು ಬಾಲ, ಬಾಲಕ್ಕೆ ಅಂಟಿಕೊಂಡ ಸಾರಜನಕ. ಇಷ್ಟು ಅದರ ರೂಪ.

ಮೊದಲ ಹೆಜ್ಜೆಯಲ್ಲಿಯೇ ಒಂದು ಕಿಣ್ವ ಬಂದು ಸಾರಜನಕವನ್ನು ಅಮೋನಿಯಾ ರೂಪದಲ್ಲಿ ಬಿಡಿಸಿಬಿಡುತ್ತದೆ. ಈ ಕಿಣ್ವವನ್ನು 1961ರಲ್ಲಿ ಅಮೆರಿಕದಲ್ಲಿ ಗುರುತಿಸಿದರು. ಬಿಡಿಸಿದ ಸಾರಜನಕವನ್ನು ಗಿಡ ಎಸೆಯುವುದಿಲ್ಲ. ಮರಳಿ ಒಯ್ದು ಇನ್ನೊಂದು ಫೀನೈಲ್‌ಅಲನೀನ್ ಮಾಡಲು ಬಳಸುತ್ತದೆ. ತುಪ್ಪದ ಡಬ್ಬಿ ಖಾಲಿಯಾದರೆ ತೊಳೆದು ಬೇಳೆ ತುಂಬುವ ನಮ್ಮ ತಾಯಂದಿರಂತೆಯೇ! ಸಾರಜನಕ ಮಣ್ಣಿನಲ್ಲಿ ಕಷ್ಟಪಟ್ಟು ಸಿಗುವಂಥದು. ಅದನ್ನು ಕಟ್ಟಿಗೆಯಲ್ಲಿ ಹೂತುಬಿಟ್ಟರೆ ಮರ ದಿವಾಳಿಯಾದೀತು.

ಉಳಿದ ಉಂಗುರ ಮತ್ತು ಬಾಲಕ್ಕೆ ಒಂದಾದ ಮೇಲೊಂದು ಕಿಣ್ವ ಅಲಂಕಾರ ಮಾಡುತ್ತ ಹೋಗುತ್ತದೆ. ಉಂಗುರಕ್ಕೆ ಆಮ್ಲಜನಕ ಸೇರಿಸುವುದು, ಕೆಲವು ಕಡೆ ಮಿಥಾಕ್ಸಿ ಎಂಬ ಸಣ್ಣ ಗೊಂಚಲನ್ನು ಕಟ್ಟುವುದು, ಬಾಲದ ತುದಿಯನ್ನು ಆಲ್ಕೋಹಾಲಾಗಿ ಮಾರ್ಪಡಿಸುವುದು, ಹೀಗೆ ಸುಮಾರು ಹತ್ತು ಹೆಜ್ಜೆಗಳು. ಕೊನೆಗೆ ಮೂರು ಅಕ್ಕತಂಗಿಯರು ತಯಾರಾಗುತ್ತಾರೆ: ಗೊಂಚಲೇ ಇಲ್ಲದ ಕೂಮರಿಲ್, ಒಂದು ಗೊಂಚಲಿನ ಕೋನಿಫೆರಿಲ್, ಎರಡು ಗೊಂಚಲಿನ ಸಿನಾಪಿಲ್ ಆಲ್ಕೋಹಾಲು. (ಸಿನಾಪಿಲ್ ಎಂಬ ಹೆಸರಿನ ಮೂಲ ಲ್ಯಾಟಿನಿನ ಸಾಸಿವೆ. ಒಗ್ಗರಣೆ ಎಲ್ಲೆಲ್ಲಿ ಹೋಗಿ ಮುಟ್ಟುತ್ತದೆ ನೋಡಿ.) ದೇವದಾರು, ಪೈನ್ ಮರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ನಡುವಿನವಳೇ. ತೇಗ, ನೀಲಗಿರಿ, ಸುಬಾಬುಲ್‌ಗಳಲ್ಲಿ ನಡುವಿನವಳು ಮತ್ತು ಕಿರಿಯಳು. ಜೋಳ, ಕಬ್ಬು, ಬಿದಿರುಗಳಲ್ಲಿ ಮೂವರೂ ಇರುತ್ತಾರೆ. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಮೂವರೂ ಜೀವಕೋಶದ ಒಳಗೆ ತಯಾರಾಗಿ ಹೊರಗೆ ಗೋಡೆಗೆ ಬರುತ್ತಾರೆ. ಅಲ್ಲಿ ಪೆರಾಕ್ಸಿಡೇಸ್, ಲ್ಯಾಕೇಸ್ ಎಂಬ ಕಿಣ್ವಗಳು ಕಾದಿರುತ್ತವೆ. ಅವು ಮಾಡುವ ಕೆಲಸ ಇಷ್ಟೇ: ಬಂದ ಪ್ರತಿಯೊಂದು ಅಣುವಿನಿಂದ ಒಂದು ಹೈಡ್ರೋಜನ್ನನ್ನು ಕಿತ್ತುಕೊಳ್ಳುವುದು. ಹಾಗೆ ಕಳೆದುಕೊಂಡ ಅಣು ಚಡಪಡಿಸುತ್ತದೆ, ಹತ್ತಿರ ಸಿಕ್ಕ ಇನ್ನೊಂದು ಅಂಥದೇ ಅಣುವನ್ನು ಅಪ್ಪಿಕೊಂಡುಬಿಡುತ್ತದೆ. ಯಾರು ಯಾರನ್ನು ಹಿಡಿಯಬೇಕು, ಯಾವ ಕೈಯಿಂದ ಹಿಡಿಯಬೇಕು ಎಂದು ಹೇಳುವವರು ಯಾರೂ ಇಲ್ಲ. ನಮ್ಮ ದೇಹದ ಪ್ರೋಟೀನುಗಳಿಗೆ ವಂಶವಾಹಿಯಲ್ಲಿ ಬರೆದಿಟ್ಟ ಪಾಠವಿದೆ. ಸೆಲ್ಯುಲೋಸಿಗೂ ಶಿಸ್ತಿದೆ, ಸಕ್ಕರೆಯ ಅಣುಗಳು ಒಂದೇ ಬಗೆಯಾಗಿ ಸಾಲು ನಿಂತಿರುತ್ತವೆ. ಲಿಗ್ನಿನ್ ಮಾತ್ರ ಚುಕ್ಕಿ ಇಡದೆ ಎಳೆದ ರಂಗೋಲಿ. ಇಷ್ಟು ಮುಖ್ಯವಾದ ವಸ್ತುವನ್ನು ಗಿಡ ಹೀಗೆ ಮನಬಂದಂತೆ ಬಿಟ್ಟೀತೇ ಎಂದು ಕೆಲವು ವಿಜ್ಞಾನಿಗಳಿಗೇ ಸಂಶಯ ಬಂತು. 1997ರಲ್ಲಿ ಅಮೆರಿಕದ ಒಂದು ತಂಡ ಇಂಥ ಅಣುಗಳನ್ನು ಜೋಡಿಯಾಗಿಸುವಾಗ ದಾರಿ ತೋರಿಸುವ ಪ್ರೋಟೀನೊಂದನ್ನು ಕಂಡುಹಿಡಿದಾಗ, ಲಿಗ್ನಿನ್ ಜೋಡಣೆಯೂ ಹೀಗೆಯೇ ಎಂದು ದೊಡ್ಡ ವಾದ ನಡೆಯಿತು. ಈಗ ಬಹುಮಂದಿ ಒಪ್ಪುವುದು ಮೊದಲಿನ ಮಾತನ್ನೇ. ಗಿಡದ ಹತೋಟಿ ಇರುವುದು ಯಾವಾಗ, ಎಲ್ಲಿ, ಮೂವರಲ್ಲಿ ಯಾರನ್ನು ಎಷ್ಟು ಕಳಿಸಬೇಕು ಎಂಬುದರಲ್ಲಿ. ಗೋಡೆಗೆ ಬಂದ ಮೇಲೆ ಅವರವರ ಪಾಡು.

ಮೆತ್ತುವ ಕೆಲಸ ಕೋಶಗಳು ಒಂದಕ್ಕೊಂದು ತಾಗುವ ಮೂಲೆಗಳಲ್ಲಿ ಆರಂಭವಾಗಿ ನಿಧಾನವಾಗಿ ಒಳಮುಖವಾಗಿ ಸಾಗುತ್ತದೆ. ನೀರು ಸಾಗಿಸುವ ನಾಳಗಳಾಗಬೇಕಾದ ಕೋಶಗಳಂತೂ ಗೋಡೆ ಕಟ್ಟಿಕೊಂಡು, ಆಮೇಲೆ ಒಳಗಿರುವುದನ್ನೆಲ್ಲ ತಾವೇ ಕರಗಿಸಿಕೊಂಡು ಸಾಯುತ್ತವೆ. ಒಳಗೆ ಟೊಳ್ಳಾದರೆ ತಾನೇ ನೀರು ಹರಿಯುವುದು? ಆದರೆ ಸಾಯುವ ಹೊತ್ತಿಗೆ ಗೋಡೆಯ ಕೆಲಸ ಮುಗಿದಿರುವುದಿಲ್ಲ. ಹಾಗಾದರೆ ಉಳಿದದ್ದನ್ನು ಮೆತ್ತುವವರು ಯಾರು? ಝಿನಿಯಾ ಎಂಬ ಹೂವಿನ ಗಿಡವನ್ನು ನೀವು ಇಲ್ಲಿಯ ಎಷ್ಟೋ ಸೊಸೈಟಿಗಳ ಅಂಗಳದಲ್ಲಿ ನೋಡಿದ್ದೀರಿ. ಅದರ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಯುರೋಪಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಉತ್ತರವಿದು: ಅಕ್ಕಪಕ್ಕದ ಬದುಕಿರುವ ಕೋಶಗಳು ಸಾಮಗ್ರಿ ಒದಗಿಸಿ ಸತ್ತ ಕೋಶದ ಗೋಡೆಯನ್ನು ಪೂರ್ತಿಗೊಳಿಸುತ್ತವೆ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ.

ಗೋಡೆ ಏಕೆ ಅಷ್ಟು ಗಟ್ಟಿ ಇರಬೇಕು? ಕಾಗದದ ಸ್ಟ್ರಾದಲ್ಲಿ ದಪ್ಪನೆಯ ಮಿಲ್ಕ್‌ಶೇಕನ್ನು ಜೋರಾಗಿ ಹೀರಿ ನೋಡಿ, ಸ್ಟ್ರಾ ಚಪ್ಪಟೆಯಾಗುತ್ತದೆ. ನೆಲದ ಮೇಲಿಟ್ಟ ಪಂಪು ಹತ್ತು ಮೀಟರಿಗಿಂತ ಆಳದ ಬಾವಿಯಿಂದ ನೀರನ್ನು ಹೀರಿ ಎತ್ತಲಾರದು. ಇಪ್ಪತ್ತೈದು ಮೀಟರಿನ ತೆಂಗಿನ ಮರ ದಿನವೂ ಸದ್ದಿಲ್ಲದೆ ಎತ್ತುತ್ತದೆ. ಎಲೆಗಳಿಂದ ನೀರು ಆವಿಯಾದಂತೆ ಕೆಳಗಿನ ನೀರಿನ ಎಳೆ ಬಿಗಿಯಾಗಿ ಜಗ್ಗುತ್ತದೆ. ಆ ಜಗ್ಗಿಗೆ ನಾಳ ಒಳಕ್ಕೆ ಕುಸಿಯದಂತೆ ತಡೆದು ನಿಲ್ಲಿಸುವುದು ಲಿಗ್ನಿನ್. ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದೆ ಹಾವಸೆಯಂತೆ ನೆಲಕ್ಕಂಟಿದ್ದ ಸಸ್ಯಗಳು ಎದ್ದು ನಿಂತದ್ದು ಇಂಥ ನಾಳಗಳು ಬಂದ ಮೇಲೆಯೇ.

ಇನ್ನು ತೊಂದರೆಯ ಕಡೆ ಬರೋಣ. ಯೋಜನೆಯಿಲ್ಲದೆ ಕಟ್ಟಿದ್ದನ್ನು ಕ್ರಮವಾಗಿ ಬಿಚ್ಚಲು ಬರುವುದಿಲ್ಲ. ಒಂದೊಂದು ಕಿಣ್ವವೂ ಒಂದೊಂದು ಬೀಗಕ್ಕೆ ತಕ್ಕ ಕೀಲಿಕೈ. ಲಿಗ್ನಿನ್ನಿನಲ್ಲಿ ಹತ್ತಾರು ಬಗೆಯ ಬೀಗಗಳು, ಅವಕ್ಕೆ ಸಾಲೂ ಇಲ್ಲ. ಬಿದ್ದ ಮರವನ್ನು ಬಿಳಿಯಾಗಿ ಮೆದುವಾಗಿಸುವ ಕೆಲವು ಅಣಬೆಗಳಿಗೆ ಬಿಟ್ಟರೆ ಅದನ್ನು ಪೂರ್ತಿ ಅರಗಿಸುವ ವಿದ್ಯೆ ಸಿದ್ಧಿಸಿದವರು ತೀರ ವಿರಳ.

ನಮ್ಮ ಧಾರವಾಡ, ವಿಜಾಪುರದ ಕಡೆ ಜೋಳದ ಒಣ ದಂಟಿಗೆ ಕಣಿಕಿ ಎನ್ನುತ್ತೇವೆ, ಇಲ್ಲಿಯವರು ಕಡಬಾ ಎನ್ನುತ್ತಾರೆ. ಎರಡೂ ಕಡೆ ಅಚ್ಚುಮೆಚ್ಚಿನ ಮಾಲದಂಡಿ ಜೋಳವನ್ನು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ಹರಡಿದರು. ರೈತ ಅದನ್ನು ಕಾಳಿಗಾಗಿ ಎಷ್ಟು ಬಯಸುತ್ತಾನೋ ಮೇವಿಗಾಗಿಯೂ ಅಷ್ಟೇ ಬಯಸುತ್ತಾನೆ. ಎತ್ತಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಅರಗಿಸಬಲ್ಲವು. ಆದರೆ ಮೇಲೆ ಲಿಗ್ನಿನ್ ಮೆತ್ತಿದ್ದರೆ ಅದರ ಹತ್ತಿರ ಹೋಗಲಾರವು. ದಂಟು ಬಲಿತಷ್ಟೂ ಎತ್ತು ಮೆದ್ದದ್ದು ಸಗಣಿಯಾಗಿ ಹೋಗುವುದೇ ಹೆಚ್ಚು. 1924ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಎಲೆಯ ನಡುನರ ಕಂದಾಗಿದ್ದ ಮೆಕ್ಕೆಜೋಳದ ಗಿಡ ಕಣ್ಣಿಗೆ ಬಿತ್ತು. 1978ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಬಿಳಿಜೋಳದ ಜಾತಿಯಲ್ಲಿಯೂ ಅಂಥವನ್ನು ಪಡೆದರು. ಅಲಂಕಾರ ಮಾಡುವ ಕಿಣ್ವಗಳಲ್ಲಿ ಒಂದು ಕೆಟ್ಟಿರುವ ಗಿಡಗಳು ಅವು. ಲಿಗ್ನಿನ್ ಕಡಿಮೆ, ದನಗಳಿಗೆ ಚೆನ್ನಾಗಿ ಅರಗುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ತಳಿಗಳು ಗಾಳಿಗೆ ಬೀಳುತ್ತವೆ, ಇಳುವರಿಯೂ ಇಳಿಯುತ್ತದೆ. ದಂಟು ನಿಲ್ಲಬೇಕೋ ದನ ಉಣ್ಣಬೇಕೋ ಎಂಬ ಜಗಳ ಇದು.

ಇದೇ ಜಗಳ ಕಾಗದದಲ್ಲಿ ಬಂದಾಗ ಬೆಲೆ ತೆತ್ತದ್ದು ಹೊಳೆಗಳು. ಬಿಳಿಯ ಕಾಗದಕ್ಕೆ ಬೇಕಾದದ್ದು ಸೆಲ್ಯುಲೋಸ್ ಮಾತ್ರ. ಆದ್ದರಿಂದ ಕಟ್ಟಿಗೆಯ ಚೂರನ್ನು ಸೋಡಾ ಮತ್ತು ಗಂಧಕದ ದ್ರಾವಣದಲ್ಲಿ ಸುಮಾರು 170 ಡಿಗ್ರಿಯಲ್ಲಿ ಬೇಯಿಸಿ ಲಿಗ್ನಿನ್ನನ್ನು ಕರಗಿಸುತ್ತಾರೆ. ಇಂಥ ಕಾರ್ಖಾನೆಯ ಹತ್ತಿರ ಮೂಗಿಗೆ ಬಡಿಯುವ ಕೊಳೆತ ಎಲೆಕೋಸಿನ ನಾತ ದಾಂಡೇಲಿಯ ದಾರಿಯಲ್ಲಿ ಹೋದವರಿಗೆ ಗೊತ್ತು. ಲಿಗ್ನಿನ್ನಿನ ಆ ಮಿಥಾಕ್ಸಿ ಗೊಂಚಲುಗಳು ಗಂಧಕದ ಜೊತೆ ಸೇರಿದಾಗ ಹುಟ್ಟುವ ವಾಸನೆ ಅದು! ಕರಗಿದ ಕಪ್ಪು ರಸದ ಬಹುಪಾಲನ್ನು ಬಾಯ್ಲರಿನಲ್ಲಿ ಉರಿಸುತ್ತಾರೆ; ಎಳೆಗಳಲ್ಲಿ ಉಳಿದ ಅಲ್ಪಸ್ವಲ್ಪವನ್ನು ತೆಗೆಯಲು ಕ್ಲೋರಿನ್ ಬಳಸುತ್ತಿದ್ದ ಕಾಲದಲ್ಲಿ ತೊಳೆದ ನೀರು ಕಂದಾಗಿ ಹೊರಗೆ ಹರಿಯುತ್ತಿತ್ತು. ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿ 1970ರ ದಶಕದಿಂದ ರೇಯಾನಿಗಾಗಿ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಇದೆ. ಹೊಳೆಯ ನೀರು ಕೆಟ್ಟಿತೆಂದು ಕೆಳಗಿನ ಹಳ್ಳಿಯವರು ನಡೆಸಿದ ಹೋರಾಟ 1980ರ ದಶಕದಲ್ಲಿ ಕರ್ನಾಟಕದ ತುಂಬ ಸುದ್ದಿಯಾಯಿತು. ಕಾರ್ಖಾನೆಗೆ ನೀಲಗಿರಿ ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು, ಸುಮಾರು 75 ಸಾವಿರ ಎಕರೆ ಸಾಮೂಹಿಕ ಭೂಮಿಯನ್ನು ಅದಕ್ಕೆ ಕೊಡುವ ಏರ್ಪಾಡಾಯಿತು. ನೀಲಗಿರಿಯೇ ಏಕೆ? ಬೇಗ ಬೆಳೆಯುತ್ತದೆ ಎಂಬುದು ಒಂದು. ಇನ್ನೊಂದು ಆಗಲೇ ನೆನಪಿಡಲು ಹೇಳಿದ ಲೆಕ್ಕ. ಎರಡು ಗೊಂಚಲಿನ ಕಿರಿಯಳಿಗೆ ಕೈ ಹಿಡಿಯಲು ಜಾಗ ಕಡಿಮೆ. ಆಕೆ ಹೆಚ್ಚಾಗಿರುವ ಲಿಗ್ನಿನ್ ಬೇಗ ಬಿಟ್ಟುಕೊಳ್ಳುತ್ತದೆ. ಆದರೆ ದನ ಮೇಯುವ ಗೋಮಾಳ ಹೋಗುತ್ತದೆಯಲ್ಲ! 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತು ಎಸ್. ಆರ್. ಹಿರೇಮಠರು ಮುಂದೆ ನಿಂತು ನಡೆಸಿದ ಈ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹದ ಹೆಸರು ನಿಮ್ಮ ತಂದೆತಾಯಂದಿರಿಗೆ ನೆನಪಿದ್ದೀತು, ಕೇಳಿ ನೋಡಿ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1990ರ ದಶಕದ ಆರಂಭದಲ್ಲಿ ಆ ಕಂಪನಿ ಮುಚ್ಚಿತು.

ಬೇಯಿಸಿ ತೆಗೆಯುವ ಬದಲು ಗಿಡವೇ ಕಡಿಮೆ ಲಿಗ್ನಿನ್ ಮಾಡುವಂತಾದರೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಮ್ಮ ಊರಿನಲ್ಲೇ ಇದ್ದಾರೆ. ಪಾಷಾಣ ರಸ್ತೆಯಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುಂದೆ ನೀವು ಎಷ್ಟು ಸಲ ಬೈಕಿನಲ್ಲಿ ಹೋಗಿದ್ದೀರೋ! ಹತ್ತಾರು ವರ್ಷಕ್ಕೊಮ್ಮೆ ಹೂ ಬಿಡುವ ಬಿದಿರನ್ನು ಗಾಜಿನ ನಳಿಗೆಯಲ್ಲಿ ಹೂ ಬಿಡಿಸಿ 1990ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇಲ್ಲಿಯವರೇ. ಅಲ್ಲಿ ಬಷೀರ್ ಖಾನ್ ಎಂಬ ವಿಜ್ಞಾನಿಯ ತಂಡ, ಕಾಗದಕ್ಕಾಗಿ ಬೆಳೆಸುವ ಸುಬಾಬುಲ್ ಮರದಲ್ಲಿ ಲಿಗ್ನಿನ್ ಮಾಡುವ ಕಿಣ್ವಗಳ ವಂಶವಾಹಿಗಳನ್ನು ಒಂದೊಂದಾಗಿ ಬಿಡಿಸಿ 2010ರ ಆಚೀಚೆ ಹಲವು ಲೇಖನಗಳನ್ನು ಪ್ರಕಟಿಸಿತು. ಮರ ಬೆಳೆಯಲು ವರ್ಷಗಳು ಬೇಕಾದ್ದರಿಂದ ಇಂಥ ವಂಶವಾಹಿಗಳನ್ನು ಮೊದಲು ತಂಬಾಕಿನ ಗಿಡದಲ್ಲಿ ಪರೀಕ್ಷಿಸುವುದು ವಾಡಿಕೆ. 2011ರಲ್ಲಿ ಭಾರತೀಯ ವಿಜ್ಞಾನಿಗಳೇ ಪ್ರಕಟಿಸಿದ ಅಂಥ ಒಂದು ಪರೀಕ್ಷೆಯಲ್ಲಿ ಸುಬಾಬುಲ್ಲಿನ ಒಂದು ವಂಶವಾಹಿಯನ್ನು ತಲೆಕೆಳಗಾಗಿ ಸೇರಿಸಿ ತಂಬಾಕಿನ ಆ ಕಿಣ್ವವನ್ನು ಅಡಗಿಸಿದರು. ಲಿಗ್ನಿನ್ ಒಂದು ಗಿಡದಲ್ಲಿ ಸುಮಾರು ಕಾಲುಭಾಗ ಇಳಿಯಿತು, ಸೆಲ್ಯುಲೋಸ್ ಮೊದಲಾದವು ಹೆಚ್ಚಿದವು. ಕಾರ್ಖಾನೆಗೆ ಬೇಕಾದ್ದು ಅದೇ. ಆದರೆ ಗಿಡಗಳು ಕುಳ್ಳಾದವು, ಎಲೆಗಳು ಸುಕ್ಕುಗಟ್ಟಿದವು, ನೀರಿನ ನಾಳಗಳು ಒಳಕ್ಕೆ ಕುಸಿದವು. ಥೇಟ್ ಕಾಗದದ ಸ್ಟ್ರಾದಂತೆ.

ನನಗೆ ಹೆಚ್ಚು ಜಾಣತನದ್ದೆನಿಸಿದ್ದು ಇನ್ನೊಂದು ದಾರಿ. ಲಿಗ್ನಿನ್ನನ್ನು ಕಡಿಮೆ ಮಾಡುವುದೇ ಬೇಡ, ಅದರ ನಡುನಡುವೆ ಸುಲಭವಾಗಿ ಬಿಚ್ಚುವ ಕೊಂಡಿಗಳನ್ನು ಸೇರಿಸೋಣ ಎಂದು ಅಮೆರಿಕದ ವಿಸ್ಕಾನ್ಸಿನ್ನಿನವರೂ ಅವರ ಜೊತೆಗಾರರೂ ಯೋಚಿಸಿದರು. ಬೇರೆ ಗಿಡದ ಒಂದು ವಂಶವಾಹಿಯನ್ನು ಪಾಪ್ಲರ್ ಮರಕ್ಕೆ ಸೇರಿಸಿದಾಗ ಮರ ತಾನಾಗಿಯೇ ಅಂಥ ಕೊಂಡಿಗಳನ್ನು ಗೋಡೆಗೆ ಕಳಿಸಿತು. 2014ರಲ್ಲಿ ಪ್ರಕಟವಾದ ಈ ಲಿಗ್ನಿನ್ನಿಗೆ ಅವರು ಇಟ್ಟ ಅಡ್ಡಹೆಸರು 'ಜಿಪ್', ನಿಮ್ಮ ಜಾಕೀಟಿಗೆ ಇರುವ ಜಿಪ್ಪೇ. ಮರ ಎಂದಿನಂತೆ ನಿಂತಿರುತ್ತದೆ, ಸೌಮ್ಯವಾದ ಕ್ಷಾರ ತಾಗಿದರೆ ಬಿಚ್ಚಿಕೊಳ್ಳುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ಬಯೋಟೆಕ್ ಓದುವ ಹುಡುಗಿಗೆ ಇದನ್ನು ಹೇಳಿದೆ. "ಆಂಟಿ, ಇದನ್ನು ಜೋಳದಲ್ಲಿ ಮಾಡಬಹುದಲ್ಲ?" ಎಂದಳು. ಮಾಡಲಿ ಎಂದೇ ನನ್ನ ಆಸೆ.

ಲಿಗ್ನಿನ್ ತೆಗೆಯದೆ ಬಿಟ್ಟರೆ ಏನಾಗುತ್ತದೆ ಎಂಬುದು ನಮ್ಮೆಲ್ಲರ ಮನೆಯ ಅಟ್ಟದ ಮೇಲೆ ಇದೆ. ಸುದ್ದಿ ಕಾಗದವನ್ನು ಅಗ್ಗವಾಗಿ ಮಾಡಬೇಕೆಂದು ಕಟ್ಟಿಗೆಯನ್ನು ಅರೆದು ಲಿಗ್ನಿನ್ ಸಮೇತ ತಟ್ಟುತ್ತಾರೆ. ಬೆಳಕು ಮತ್ತು ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ; ಹುಟ್ಟುವ ಆಮ್ಲ ಸೆಲ್ಯುಲೋಸಿನ ಎಳೆಗಳನ್ನು ಕಡಿಯುತ್ತದೆ. ಹಳೆಯ ಪುಸ್ತಕ ತೆರೆದಾಗ ಬರುವ ಸಿಹಿಯಾದ ವಾಸನೆಯಲ್ಲಿ ವೆನಿಲಾದ ಎಳೆಯೊಂದು ಇರುವುದೂ ಲಿಗ್ನಿನ್ ಒಡೆಯುವುದರಿಂದಲೇ. ಶಿವಾಜಿನಗರದಲ್ಲಿ 1940ರಿಂದ ಇರುವ ಕೈಕಾಗದದ ಸಂಸ್ಥೆಯಲ್ಲಿ ಹತ್ತಿಯ ಚಿಂದಿಯಿಂದ ಕಾಗದ ಮಾಡುತ್ತಾರೆ. ಹತ್ತಿಯಲ್ಲಿ ಲಿಗ್ನಿನ್ ಇಲ್ಲವೆಂದೇ ಹೇಳಬಹುದು, ಆ ಕಾಗದ ತಲೆಮಾರುಗಳ ಕಾಲ ಬಾಳುತ್ತದೆ. ಸುದ್ದಿ ಕಾಗದದಲ್ಲಿ ಅಚ್ಚಾದ ನಮ್ಮ 1960, 70ರ ದಶಕದ ಕಾದಂಬರಿಗಳು, ವಾರಪತ್ರಿಕೆಗಳು, ಊರಿನ ಸಂಘಗಳ ಸಂಚಿಕೆಗಳು ಮಾತ್ರ ಮಡಿಸಿದಲ್ಲಿ ಹಪ್ಪಳದಂತೆ ಮುರಿಯುತ್ತಿವೆ. ನಿಮ್ಮಲ್ಲಿ ಕೆಲವರು ಕನ್ನಡ ಮಾತಾಡುತ್ತೀರಿ, ಓದಲು ಈಗ ತಾನೇ ಕಲಿಯುತ್ತಿದ್ದೀರಿ. ನೀವು ಓದುವ ಹೊತ್ತಿಗೆ ಪುಟ ಉಳಿದಿರಬೇಕಲ್ಲ!

ಮಾಡುವುದು ಕಷ್ಟವೇನಲ್ಲ. ಹಳೆಯ ಸಂಚಿಕೆಗಳನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ. ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಆಮ್ಲ ಒಳಗಿನದಕ್ಕೂ ಹತ್ತುತ್ತದೆ. ಒಗೆದ ಹಳೆಯ ಬಿಳಿ ಪಂಚೆ ಸಾಕು. ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಬೇಡಿ. ಮತ್ತು ಪುಟಗಳ ಫೋಟೋ ತೆಗೆದಿಡಿ. ನಮ್ಮ ಸಂಘದ ಕಪಾಟಿನಲ್ಲಿರುವ ಹಳೆಯ ಸಂಚಿಕೆಗಳಿಗೆ ಎರಡೆರಡು ಜನ ಬೇಕು, ಪುಟವನ್ನು ಮೆಲ್ಲಗೆ ಹಿಡಿಯಲು ಒಬ್ಬರು, ಮೊಬೈಲು ಹಿಡಿಯಲು ಒಬ್ಬರು. ಕಪಾಟಿನ ಕೀಲಿಕೈ ಶನಿವಾರ ಮಧ್ಯಾಹ್ನ ಕಚೇರಿಯಲ್ಲಿ ಸಿಗುತ್ತದೆ. ಪುಟ ಹಿಡಿಯಲು ನಾನು ಬರುತ್ತೇನೆ.